ಮೊದಲು ತಾಯಿಯನ್ನು ತೋರಿಸಿ

ಕಳೆದ ತಿಂಗಳು ಬೆಂಗಳೂರಿನಿಂದ ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ನಾಯಿಮರಿ ತಗೊಳ್ತಾ ಇದ್ದೀವಿ. ಲ್ಯಾಬ್. ಮೂವತ್ತೈದು ದಿನದ್ದಂತೆ. ಇಪ್ಪತ್ತೆರಡು ಸಾವಿರ ಹೇಳಿದ್ರು, ಇವರು ಮಾತಾಡಿ ಹದಿನೆಂಟಕ್ಕೆ ಒಪ್ಪಿಸಿದ್ದಾರೆ."

"ತಾಯಿ ನೋಡಿದ್ರಾ?" ಎಂದೆ.

"ಯಾರ ತಾಯಿ?" ಎಂದಳು.

ನಿಮ್ಮ ಬಡಾವಣೆಯಲ್ಲೇ ಮರಿ ಸಿಗುವುದಿಲ್ಲವೇ, ದುಡ್ಡು ಕೊಟ್ಟು ಯಾಕೆ ತರಬೇಕು ಎಂದಾಗ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮಕ್ಕಳಿರೋ ಮನೆ ಅಕ್ಕ. ಬೀದಿದು ಹೇಗಿರುತ್ತೋ ಏನೋ. ಜಾತಿ ನಾಯಿ ಆದ್ರೆ ಗುಣ ಗೊತ್ತಿರುತ್ತೆ."

ಈ ಮಾತನ್ನು ನಾನು ಮದುವೆ ಮನೆಯಲ್ಲಿ, ಪಶುವೈದ್ಯರ ಕ್ಲಿನಿಕ್ಕಿನ ಬೆಂಚಿನ ಮೇಲೆ, ಮಕ್ಕಳ ಶಾಲೆಯ ಗೇಟಿನ ಹತ್ತಿರ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರಲ್ಲ, ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಮಾತು ತಪ್ಪು. ತಪ್ಪು ಎನ್ನುವುದಕ್ಕಿಂತ ತಲೆಕೆಳಗು. ಕೊಂಡು ತಂದ ಮರಿಯ ಬಗ್ಗೆ ನಮಗೆ ಏನೇನೂ ಗೊತ್ತಿರುವುದಿಲ್ಲ. ನಾವು ಗೊತ್ತಿಲ್ಲ ಎಂದು ದೂರ ತಳ್ಳುವ ಮರಿಯ ಹುಟ್ಟು, ತಾಯಿ, ಒಡಹುಟ್ಟು ಎಲ್ಲವೂ ನಮ್ಮ ಬೀದಿಯ ಮೂಲೆಯಲ್ಲೇ ಕಣ್ಣೆದುರು ಇರುತ್ತದೆ.

ನಮ್ಮಪ್ಪ ಒಂದು ಕರು ತರಬೇಕಾದರೆ ಮೂರು ಊರು ತಿರುಗುತ್ತಿದ್ದರು. ಕರುವನ್ನು ನೋಡುವುದು ಆಮೇಲೆ, ಮೊದಲು ಅದರ ತಾಯಿಯ ಕೆಚ್ಚಲು ನೋಡಬೇಕು. ಎಷ್ಟು ಹಾಲು ಕೊಡುತ್ತೆ, ಹಾಲು ಕರೆಯುವಾಗ ಒದೆಯುತ್ತಾ, ಎಷ್ಟನೇ ಸೂಲು ಎಲ್ಲವನ್ನೂ ಕೇಳಬೇಕು. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ನಮ್ಮಲ್ಲಿ ಅಡುಗೆಮನೆಯ ಮಾತು. ಇಷ್ಟೆಲ್ಲ ತಿಳಿವಳಿಕೆ ಇರುವ ಜನ, ಹತ್ತು ಹನ್ನೆರಡು ವರ್ಷ ಮಕ್ಕಳ ಪಕ್ಕದಲ್ಲಿ ಮಲಗಬೇಕಾದ ಪ್ರಾಣಿಯನ್ನು ವಾಟ್ಸಾಪ್‌ನಲ್ಲಿ ಬಂದ ಫೋಟೋ ನೋಡಿ ಕೊಳ್ಳುತ್ತಾರೆ. ಪ್ಲಾಸ್ಟಿಕ್ ಬುಟ್ಟಿ, ಅದರಲ್ಲೊಂದು ಟವೆಲ್ಲು, ಟವೆಲ್ಲಿನ ಮೇಲೆ ಮೂರು ಮರಿ. ತಾಯಿ ಯಾವ ಫೋಟೋದಲ್ಲೂ ಇರುವುದಿಲ್ಲ.

ಮೂವತ್ತೈದು ದಿನ ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಾಯಿಮರಿ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಲೋಕ ಕಲಿಯುತ್ತದೆ. ಅದರಲ್ಲೂ ನಾಲ್ಕರಿಂದ ಎಂಟನೇ ವಾರದ ಪಾಠ ತಾಯಿಯದು, ಒಡಹುಟ್ಟಿದವುಗಳದ್ದು. ಆಟದಲ್ಲಿ ಅಣ್ಣನ ಕಿವಿಯನ್ನು ಜೋರಾಗಿ ಕಚ್ಚಿದರೆ ಅಣ್ಣ ಕಿರುಚಿ ಆಟ ಬಿಟ್ಟು ಹೋಗುತ್ತಾನೆ. ಹಾಲು ಕುಡಿಯುವಾಗ ಹಲ್ಲು ತಾಗಿದರೆ ತಾಯಿ ಗುರ್ ಎಂದು ಎದ್ದುಬಿಡುತ್ತಾಳೆ. ಹೀಗೆ ಪೆಟ್ಟು ತಿಂದೂ ಕೊಟ್ಟೂ ಮರಿಯ ದವಡೆಗೆ ಹದ ಬರುತ್ತದೆ. ಮಗುವಿನ ಕೈಯನ್ನು ಬಾಯಲ್ಲಿ ಹಿಡಿದಾಗ ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದು ಅಲ್ಲಿ ಕಲಿತದ್ದು. ಮೂವತ್ತೈದನೇ ದಿನಕ್ಕೆ ಬುಟ್ಟಿಯಿಂದ ಎತ್ತಿಕೊಂಡು ಬಂದ ಮರಿಗೆ ಈ ಪಾಠದ ಮುಕ್ಕಾಲು ಪಾಲು ಸಿಕ್ಕಿಲ್ಲ. ಆಮೇಲೆ "ಕಚ್ಚುತ್ತೆ, ಏನು ಮಾಡೋದು" ಎಂದು ಕೇಳುವವರೂ ಮಕ್ಕಳ ಕಾಳಜಿಯಿಂದ ಜಾತಿ ನಾಯಿ ತಂದವರೇ.

ಇದನ್ನು ಕಾನೂನೂ ಹೇಳುತ್ತದೆ. ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ನಾಯಿ ಸಾಕಿ ಮಾರುವವರಿಗಾಗಿ 2017ರಲ್ಲಿ ಪ್ರತ್ಯೇಕ ನಿಯಮಗಳೇ ಬಂದಿವೆ. ತಳಿ ಬೆಳೆಸುವವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣು ನಾಯಿಗೆ 18 ತಿಂಗಳು ಆಗುವ ಮುಂಚೆ, 8 ವರ್ಷ ದಾಟಿದ ಮೇಲೆ ಮರಿ ಹಾಕಿಸುವಂತಿಲ್ಲ. ವರ್ಷಕ್ಕೆ ಒಂದು ಸೂಲಿಗಿಂತ ಹೆಚ್ಚು ಕೂಡದು, ಜೀವಮಾನದಲ್ಲಿ ಐದು ಮೀರಕೂಡದು. ಲಸಿಕೆ, ಮೈಕ್ರೋಚಿಪ್, ದಾಖಲೆ ಎಲ್ಲ ಇರಬೇಕು. ನನ್ನ ಪರಿಚಯದಲ್ಲಿ ಮರಿ ಕೊಂಡ ಮನೆಗಳನ್ನೆಲ್ಲ ನೆನಪಿಸಿಕೊಂಡು ನೋಡುತ್ತೇನೆ. ಒಬ್ಬರೂ ನೋಂದಣಿ ಪತ್ರ ಕೇಳಿದವರಿಲ್ಲ. ಎಂಟು ವಾರದ ಮರಿ ತಂದವರಿಲ್ಲ. ಬೇಗ ತಂದಷ್ಟೂ ಮನೆಗೆ ಹೊಂದಿಕೊಳ್ಳುತ್ತದೆ ಎಂದು ಮಾರುವವನು ಹೇಳುತ್ತಾನೆ, ಕೊಳ್ಳುವವರು ನಂಬುತ್ತಾರೆ. ಬೇಗ ಕೊಟ್ಟಷ್ಟೂ ಅವನಿಗೆ ತಿನ್ನಿಸುವ ಖರ್ಚು ಕಡಿಮೆ. ಬೇರೆ ಯಾವ ಕಾರಣವೂ ಇಲ್ಲ.

ಇದನ್ನೆಲ್ಲ ನಾನು ಓದಿ ತಿಳಿದದ್ದಲ್ಲ. ಮೊದಲು ಅನುಭವಿಸಿ ಆಮೇಲೆ ಓದಿಕೊಂಡೆ. ಹತ್ತು ವರ್ಷದ ಹಿಂದೆ ನಾವೂ ಹೀಗೇ ಒಂದು ಮರಿ ಕೊಂಡಿದ್ದೆವು. ಮಾರುವವನು ಮನೆಗೆ ಕರೆಯಲಿಲ್ಲ, ಬಸ್ ಸ್ಟ್ಯಾಂಡಿನ ಹತ್ತಿರ ಬರುತ್ತೇನೆ ಎಂದ. ಬಿಸ್ಕತ್ತಿನ ರಟ್ಟಿನ ಡಬ್ಬಿಯಲ್ಲಿ ತಂದುಕೊಟ್ಟು ದುಡ್ಡು ಎಣಿಸಿಕೊಂಡು ಹೊರಟುಹೋದ. ಕೆನೆ ಬಣ್ಣದ ಮರಿ, ಮಗಳು ಚಿನ್ನು ಎಂದು ಹೆಸರಿಟ್ಟಳು. ಮೊದಲ ರಾತ್ರಿ ಅತ್ತಿತು. ಎರಡನೇ ದಿನ ಆಡಿತು. ಮೂರನೇ ದಿನ ಸಂಜೆ ಹಾಲು ಮುಟ್ಟಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ವಾಂತಿ, ಮಧ್ಯಾಹ್ನಕ್ಕೆ ರಕ್ತಭೇದಿ. ಪಾರ್ವೋ ವೈರಸ್ ತಗುಲಿದ ಮರಿಯ ಭೇದಿಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ, ಕಬ್ಬಿಣದಂಥ ಸಿಹಿ ಕಮಟು. ವೈದ್ಯರು ಮುಂಗಾಲಿನ ಕೂದಲು ಕತ್ತರಿಸಿ ಡ್ರಿಪ್ ಹಾಕಿದರು. ಸೂಜಿ ಹಾಕಲು ನರವೇ ಸಿಗದಷ್ಟು ಸಣ್ಣ ಕಾಲು. ಮಗಳು ಅದರ ಮತ್ತೊಂದು ಕಾಲನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದುಕೊಂಡು ಕೂತಿದ್ದಳು. ಏಳನೇ ದಿನ ನಸುಕಿನಲ್ಲಿ ಹೋಯಿತು. ರೋಗಾಣು ಒಳಹೊಕ್ಕ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು, ನಿಮ್ಮ ಮನೆಗೆ ಬರುವಾಗಲೇ ಅದು ಮರಿಯ ಒಳಗಿತ್ತು ಎಂದರು ವೈದ್ಯರು. ಮಾರಿದವನ ನಂಬರಿಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬ್ಲೀಚಿಂಗ್ ನೀರಿನಲ್ಲಿ ಮನೆ ಒರೆಸುತ್ತಾ ನನಗೆ ಮತ್ತೆ ಮತ್ತೆ ಬಂದ ಯೋಚನೆ ಒಂದೇ: ಆ ಡಬ್ಬಿ ಎಲ್ಲಿಂದ ಬಂತೋ ಅಲ್ಲಿ ಇನ್ನೂ ಎಷ್ಟು ಮರಿಗಳಿದ್ದವು, ಅವುಗಳ ತಾಯಿ ಹೇಗಿತ್ತು?

ಈಗ ಗುಣದ ಮಾತಿಗೆ ಬರೋಣ. ಲ್ಯಾಬ್ರಡಾರ್ ಸಾಧು, ಜರ್ಮನ್ ಶೆಫರ್ಡ್ ಕಾವಲಿಗೆ, ಬೀಗಲ್ ಅಪಾರ್ಟ್‌ಮೆಂಟಿಗೆ, ಪಗ್ ಮಕ್ಕಳಿಗೆ. ಪಂಚಾಂಗದ ರಾಶಿಫಲ ಹೇಳಿದಷ್ಟೇ ಸಲೀಸಾಗಿ ಜನ ಇದನ್ನು ಹೇಳುತ್ತಾರೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರಿಂದ ಸ್ವಭಾವದ ವಿವರ ಸಂಗ್ರಹಿಸಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಿ ನೋಡಿತು. ನಾಯಿ ನಾಯಿಗಳ ನಡುವೆ ಕಾಣುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ ಎಂದು ಕಂಡುಬಂತು. ಬಣ್ಣ, ಕೂದಲು, ಮೂತಿಯ ಉದ್ದ ತಳಿಯಿಂದ ಬರುತ್ತವೆ. ಆದರೆ ಮನೆಗೆ ಬಂದ ಅತಿಥಿಯನ್ನು ಕಂಡು ಬಾಲ ಅಲ್ಲಾಡಿಸಬೇಕೋ ಗುರುಗುಟ್ಟಬೇಕೋ ಎಂಬುದನ್ನು ತಳಿ ನೋಡಿ ಹೇಳಲು ಬರುವುದಿಲ್ಲ. ಜಾತಿ ನೋಡಿ ಗುಣ ತೀರ್ಮಾನಿಸುವ ಈ ಅಭ್ಯಾಸ ಸರ್ಕಾರವನ್ನೂ ಬಿಟ್ಟಿಲ್ಲ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಕ್ರೂರ ಎಂದು ಪಟ್ಟಿ ಮಾಡಿ ನಿಷೇಧಿಸಲು ಸುತ್ತೋಲೆ ಹೊರಡಿಸಿತು, ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ತಳಿಯ ಹೆಸರು ಕೇಳಿಯೇ ಹೆದರುವುದು ಎಷ್ಟು ತಪ್ಪೋ ಹೆಸರು ಕೇಳಿಯೇ ನಂಬುವುದೂ ಅಷ್ಟೇ ತಪ್ಪು.

ತಳಿಯಿಂದ ಖಂಡಿತವಾಗಿ ಬರುವುದು ಬೇರೆ ಇದೆ. ಅದು ದೇಹದ ಕಷ್ಟ. 2003ರ ಸುಮಾರಿಗೆ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡಿದ ಪಗ್ ನೆನಪಿದೆಯಲ್ಲ. ಈಗಲೂ ನಮ್ಮ ಕಡೆ ಪಗ್ ಎಂದರೆ ಅರ್ಥವಾಗದವರಿಗೆ ಹಚ್ ನಾಯಿ ಎಂದರೆ ಅರ್ಥವಾಗುತ್ತದೆ. ಮನುಷ್ಯರಿಗೆ ಮುದ್ದಾಗಿ ಕಾಣಲೆಂದು ಮೂತಿಯನ್ನು ತಲೆಮಾರುಗಳಿಂದ ಒತ್ತುತ್ತಾ ಬಂದರು. ಮೂಗಿನ ಹೊಳ್ಳೆ ಕಿರಿದಾಯಿತು, ಒಳಗಿನ ಅಂಗುಳು ಮಾತ್ರ ಹಾಗೇ ಉದ್ದ ಉಳಿಯಿತು. ಅದು ಗೊರಕೆ ಹೊಡೆದರೆ ನಾವು ನಗುತ್ತೇವೆ. ಅದು ಗೊರಕೆಯಲ್ಲ, ಉಸಿರಿಗಾಗಿ ಪಡುವ ಪಾಡು. ನಾಯಿ ಮನುಷ್ಯನ ಹಾಗೆ ಮೈ ಬೆವರಿ ತಂಪಾಗುವ ಪ್ರಾಣಿಯಲ್ಲ, ತೇಕಿ ತಂಪಾಗಬೇಕು. ತೇಕುವ ದಾರಿಯೇ ಮುಚ್ಚಿರುವ ನಾಯಿಯನ್ನು ಏಪ್ರಿಲ್ ಬಿಸಿಲಿಗೆ ಒಡ್ಡುತ್ತೇವೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಎರಡು ಪದರ ಕೂದಲು ಹೊತ್ತು ಬಂದ ಹಸ್ಕಿಯನ್ನು ಬಳ್ಳಾರಿ, ಕಲಬುರಗಿಗಳಲ್ಲೂ ಸಾಕುತ್ತಾರೆ. ಸಾಧು ಲ್ಯಾಬ್ರಡಾರ್‌ಗೆ ಸೊಂಟದ ಕೀಲು ಸಡಿಲವಾಗುವ ಕಾಯಿಲೆ ಸಾಮಾನ್ಯ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಹೊಟ್ಟೆ ತುಂಬಿದ ಅರಿವನ್ನೇ ಮಸುಕಾಗಿಸುವ ವಂಶವಾಹಿ ದೋಷ ಇರುವುದು 2016ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧನೆಯಲ್ಲಿ ಗೊತ್ತಾಗಿದೆ. ಮನೆಯಲ್ಲಿ ಎಲ್ಲರೂ ಒಂದೊಂದು ಬಿಸ್ಕತ್ತು ಹಾಕುತ್ತಾ ಹೋದರೆ ಅದರ ಸೊಂಟದ ಗತಿ ಏನು? ಬೀಗಲ್ ಚಿಕ್ಕದು, ಆದ್ದರಿಂದ ಫ್ಲಾಟಿಗೆ ಸರಿ ಎನ್ನುತ್ತಾರೆ. ಅದು ಗುಂಪಿನಲ್ಲಿ ವಾಸನೆ ಹಿಡಿದು ಓಡುತ್ತಾ ದೂರದ ಬೇಟೆಗಾರನಿಗೆ ಕೇಳುವಂತೆ ಊಳಿಡಲೆಂದೇ ಬೆಳೆಸಿದ ನಾಯಿ. ಮೂರನೇ ಮಹಡಿಯಲ್ಲಿ ಬೆಳಗಿಂದ ಸಂಜೆವರೆಗೆ ಒಂಟಿಯಾಗಿ ಊಳಿಟ್ಟರೆ ಅಪಾರ್ಟ್‌ಮೆಂಟ್ ಸಂಘದ ನೋಟಿಸು ಬರುತ್ತದೆ.

ಸ್ವದೇಶಿ ತಳಿ ತಂದರಾಯಿತಲ್ಲ ಎನ್ನುವವರಿಗೂ ಒಂದು ಮಾತು. ನಮ್ಮ ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಸೈನ್ಯಕ್ಕೆ ತರಬೇತಿಗೆಂದು ಮೀರತ್‌ಗೂ ಹೋಯಿತು. ನನಗೂ ಹೆಮ್ಮೆಯಿದೆ. ಆದರೆ ಅದು ಬಾಗಲಕೋಟೆಯ ಎರೆ ಹೊಲಗಳಲ್ಲಿ ಮೊಲದ ಹಿಂದೆ ಬಾಣದಂತೆ ಓಡುವ ನಾಯಿ. ಹೊಲ ಇರುವವರು, ಓಡಿಸುವವರು ಮುಧೋಳದ ಹತ್ತಿರದ ತಿಮ್ಮಾಪುರದ ಕೇಂದ್ರದಿಂದ ತಂದು ಸಾಕಲಿ. ಎರಡು ಕೋಣೆಯ ಮನೆಗೆ ತಂದು ಕಟ್ಟಿಹಾಕುವುದು ಅಭಿಮಾನವೂ ಅಲ್ಲ, ಪ್ರೀತಿಯೂ ಅಲ್ಲ.

ಕಣ್ಣಿಗೇ ಬೀಳದ ಆ ತಾಯಿಯ ವಿಷಯ ಹೇಳಲೇಬೇಕು. ಹೆಣ್ಣು ನಾಯಿಗೆ ಆರೇಳು ತಿಂಗಳಿಗೊಮ್ಮೆ ಬೆದೆ ಬರುತ್ತದೆ. ಒಂದು ಸೂಲಿಗೆ ಲ್ಯಾಬ್ರಡಾರ್ ಏಳೆಂಟು ಮರಿ ಹಾಕುವುದು ವಾಡಿಕೆ. ಎಂಟು ಮರಿಯನ್ನು ತಂಗಿ ಹೇಳಿದ ದರಕ್ಕೆ ಗುಣಿಸಿ ನೋಡಿ, ಒಂದು ಲಕ್ಷ ನಲವತ್ತನಾಲ್ಕು ಸಾವಿರ ರೂಪಾಯಿ. ಒಂದು ಬೆದೆಯನ್ನೂ ಬಿಡಲು ಮನಸ್ಸಾಗದ ಮೊತ್ತ ಇದು. ತಾರಸಿಯ ಮೇಲೆ ಶೀಟ್ ಹೊದಿಸಿದ ಗೂಡಿನಲ್ಲಿ, ತಿರುಗಿದರೆ ಬಾಲ ಕಂಬಿಗೆ ತಾಗುವಷ್ಟು ಜಾಗದಲ್ಲಿ ಅದು ಬೆದೆಯಿಂದ ಬೆದೆಗೆ ಬದುಕುತ್ತದೆ. ಮರಿಗಳನ್ನು ಬೇಗ ಎತ್ತಿಬಿಟ್ಟರೆ ಮೊಲೆ ಬಾತು ಗಟ್ಟಿಯಾಗುತ್ತದೆ, ಹಾಲು ತಾನಾಗಿ ಸೋರುತ್ತದೆ. ಗರ್ಭಕೋಶ ಸೋತ ದಿನ ಅದಕ್ಕೆ ಬೀದಿ. ರಿಂಗ್ ರೋಡಿನ ಪಕ್ಕ ಮೊಲೆ ಜೋತುಬಿದ್ದ, ಉಗುರು ಬೆಳೆದು ಸುತ್ತಿಕೊಂಡ ಒಂದು ಗೋಲ್ಡನ್ ರಿಟ್ರೀವರ್ ಲಾರಿಗಳ ನಡುವೆ ಎತ್ತ ಹೋಗಬೇಕೆಂದು ತಿಳಿಯದೆ ನಿಂತಿದ್ದನ್ನು ನಾನು ನೋಡಿದ್ದೇನೆ. ಅದಕ್ಕೆ ಟಾರಿನ ಮೇಲೆ ನಡೆದು ಅಭ್ಯಾಸವೇ ಇರಲಿಲ್ಲ. 2022ರಲ್ಲಿ '777 ಚಾರ್ಲಿ' ಬಂದಾಗ ಇಡೀ ಕರ್ನಾಟಕ ಅತ್ತಿತು, ಆಗಿನ ಮುಖ್ಯಮಂತ್ರಿಗಳೂ ಕಣ್ಣೊರೆಸಿಕೊಂಡರು. ಆ ಸಿನಿಮಾದ ಚಾರ್ಲಿ ಇಂಥದೇ ಒಂದು ಗೂಡಿನಿಂದ ತಪ್ಪಿಸಿಕೊಂಡು ಬಂದ ನಾಯಿ. ಕಥೆ ಅಷ್ಟು ಸ್ಪಷ್ಟವಾಗಿ ಹೇಳಿದರೂ, ಥಿಯೇಟರಿನಿಂದ ಹೊರಬಂದು "ನಮಗೂ ಚಾರ್ಲಿಯಂಥದೇ ಲ್ಯಾಬ್ ಬೇಕು" ಎಂದು ಹಟ ಹಿಡಿದ ಮಕ್ಕಳಿಗೆ ಅಂಥ ಗೂಡಿನಿಂದಲೇ ಮರಿ ತಂದುಕೊಟ್ಟ ಎರಡು ಮನೆ ನನಗೇ ಗೊತ್ತು.

ನಮ್ಮ ಮಾರುಕಟ್ಟೆಯಲ್ಲಿ ನಾಟಿ ಎಂಬ ಪದಕ್ಕೆ ಎಷ್ಟು ಬೆಲೆ! ನಾಟಿ ಕೋಳಿ ದುಬಾರಿ, ನಾಟಿ ಮೊಟ್ಟೆ ದುಬಾರಿ. ನಾಟಿ ಟೊಮೆಟೊ, ನಾಟಿ ಕೊತ್ತಂಬರಿ ಎಂದು ಕೂಗಿದರೆ ಜನ ಗಾಡಿಯ ಸುತ್ತ ಸೇರುತ್ತಾರೆ. ನಾಟಿ ಹಸುವಿನ ತುಪ್ಪಕ್ಕೆ ಮೂರು ಪಟ್ಟು ಕೊಡಲು ತಯಾರು. ಈ ಮಣ್ಣಿಗೆ ಒಗ್ಗಿದ್ದು, ರೋಗ ತಡೆಯುವಂಥದ್ದು, ರುಚಿ ಇರುವಂಥದ್ದು ಎಂದು ಎಲ್ಲರೂ ಒಪ್ಪುತ್ತೇವೆ. ನಾಯಿಯ ವಿಷಯಕ್ಕೆ ಬಂದಾಗ ಮಾತ್ರ ಅದೇ ನಾಟಿ ಕಂತ್ರಿ ಆಗುತ್ತದೆ. ಕಂತ್ರಿ ಎಂಬ ಬೈಗುಳ ಕಂಟ್ರಿ ಎಂಬ ಇಂಗ್ಲಿಷ್ ಮಾತಿನಿಂದಲೇ ಬಂದದ್ದೆಂದು ಹೇಳುತ್ತಾರೆ. ಹಾಗಿದ್ದರೆ ಅದರ ಅರ್ಥ ನಾಡಿನದು ಎಂದಷ್ಟೇ. ದೊರೆಗಳು ತಮ್ಮ ನಾಯಿಯನ್ನು ಮೇಲಿಟ್ಟು ನಮ್ಮದನ್ನು ಕೆಳಗಿಟ್ಟು ಕರೆದ ಹೆಸರನ್ನು ನಾವು ಬೈಗುಳವಾಗಿ ಇಟ್ಟುಕೊಂಡು ಬಿಟ್ಟೆವು. ಇನ್ನು ಜಾತಿ ನಾಯಿ ಎಂಬ ಮಾತು. ಮನುಷ್ಯರ ವಿಷಯದಲ್ಲಿ ನಾಲ್ಕು ಜನರೆದುರು ಆಡಲು ನಾಚುವ ವಾಕ್ಯಗಳನ್ನೆಲ್ಲ ನಾಯಿಯ ವಿಷಯದಲ್ಲಿ ಹಾಯಾಗಿ ಆಡುತ್ತೇವೆ. "ಎಷ್ಟು ಮಾಡಿದ್ರೂ ಬೀದಿ ಬುದ್ಧಿ ಹೋಗಲ್ಲ." "ಹುಟ್ಟಿದ ಕಡೆ ನೋಡಿ ತರಬೇಕು." ಇವು ಎಲ್ಲಿಂದ ಬಂದ ಮಾತುಗಳು ಎಂದು ಹೇಳಬೇಕಾಗಿಲ್ಲ. ಪಕ್ಕದಲ್ಲಿ ಕೂತ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ.

ಆ ಮಕ್ಕಳಿಗೆ ತೋರಿಸಬೇಕಾದದ್ದು ಬೇರೆ ಇದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು, ಸುಮಾರು ಕ್ರಿ.ಶ. 949-50ರದ್ದು. ಗಂಗರ ಅರಸ ಬೂತುಗನ ಕಡೆಯ ವೀರ ಮಣಲೇರ ಯುದ್ಧದಲ್ಲಿ ಮೆರೆದಾಗ, ಏನು ಬೇಕೋ ಕೇಳು ಎಂದ ಒಡೆಯನಲ್ಲಿ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿದರು, ಹಂದಿಯೂ ನಾಯಿಯೂ ಹೋರಾಡುವುದನ್ನು ಕೆತ್ತಿಸಿದರು, ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಸಾವಿರ ವರ್ಷದ ಹಿಂದಿನ ಕನ್ನಡಿಗರು ನಾಯಿಯ ಹೆಸರು ಹಿಡಿದು ಅದು ಮಾಡಿದ ಕೆಲಸವನ್ನು ಕಲ್ಲಿನಲ್ಲಿ ಬರೆಸಿದರು. ಮಕ್ಕಳನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿ ಆ ಕಲ್ಲಿನ ಎದುರು ನಿಲ್ಲಿಸಬೇಕು.

ನಮ್ಮ ಈಗಿನ ನಾಯಿ ಎಳ್ಳು ಮನೆಗೆ ಬಂದದ್ದು ಎರಡು ವರ್ಷದ ಹಿಂದೆ. ಕಾರ್ತಿಕದಲ್ಲಿ ನಾಯಿಗಳ ಗದ್ದಲ, ಎರಡು ತಿಂಗಳಿಗೆ ಸರಿಯಾಗಿ ಸಂಕ್ರಾಂತಿಯ ಹೊತ್ತಿಗೆ ಬೀದಿ ಬೀದಿಯಲ್ಲಿ ಮರಿ. ಮೈಸೂರಿನ ನಮ್ಮ ರಸ್ತೆಯಲ್ಲಿ ಅರ್ಧ ಕಟ್ಟಿದ ಮನೆಯೊಂದಿತ್ತು. ಅದರ ಮೆಟ್ಟಿಲ ಕೆಳಗೆ ಸಿಮೆಂಟ್ ಚೀಲಗಳ ನಡುವೆ ಒಂದು ಬಿಳಿ ನಾಯಿ ನಾಲ್ಕು ಮರಿ ಹಾಕಿತ್ತು. ಕಾವಲಿಗಿದ್ದದ್ದು ಯಾದಗಿರಿ ಕಡೆಯ ಗಂಡ ಹೆಂಡತಿ. ಆಕೆ ತಾವು ತಿನ್ನುವ ಜೋಳದ ರೊಟ್ಟಿಯಲ್ಲಿ ಒಂದನ್ನು ಮುರಿದು, ಬೇಳೆ ಕಟ್ಟಿನಲ್ಲಿ ನೆನೆಸಿ ಆ ನಾಯಿಗೆ ದಿನಾ ಹಾಕುತ್ತಿದ್ದಳು. ಬಿಳಿಯವ್ವ ಎಂದು ಕರೆಯುತ್ತಿದ್ದಳು. ನಾನು ಮರಿ ನೋಡಲು ಹೋದಾಗ ಅವಳೇ ಹೇಳಿದಳು: "ಮರಿ ಈಗ ನೋಡಬ್ಯಾಡ್ರಿ ಅಕ್ಕಾರ, ಇವುಗಳವ್ವನ್ನ ನೋಡ್ರಿ. ನನ್ನ ಕೂಸು ಬಾಲ ಹಿಡದು ಎಳದ್ರೂ ಒಂದ ಮಾತ ಅನ್ನಂಗಿಲ್ಲ. ರಾತ್ರಿ ಮಾತ್ರ ಒಬ್ಬರನ್ನ ಒಳಗ ಬಿಡಂಗಿಲ್ಲ."

ನಮ್ಮಪ್ಪ ಕರು ಕೊಳ್ಳುವಾಗ ಆಡುತ್ತಿದ್ದ ಮಾತನ್ನು ಬಹಳ ವರ್ಷಗಳ ಮೇಲೆ ಅವಳ ಬಾಯಲ್ಲಿ ಕೇಳಿದೆ.

ಶಿವರಾತ್ರಿಯವರೆಗೂ ದಿನಾ ಸಂಜೆ ಹೋಗಿ ನೋಡಿದೆ. ಶಿವರಾತ್ರಿ ರಜೆಗೆ ಬಂದಿದ್ದ ತಂಗಿಯ ಮಗನೂ ಜೊತೆಗಿದ್ದ, ಆಗ ಎಂಟು ವರ್ಷದವನು. ಬಿಳಿಯವ್ವನ ಜೋತುಬಿದ್ದ ಮೊಲೆ ನೋಡಿ "ದೊಡ್ಡಮ್ಮ, ಇದಕ್ಕೆ ನೋವಾಗಲ್ವಾ?" ಎಂದು ಕೇಳಿದ್ದ. ಅಷ್ಟು ಹೊತ್ತಿಗೆ ಮರಿಗಳಿಗೆ ಹಲ್ಲು ಚೂಪಾಗಿತ್ತು. ಅವು ಓಡಿಬಂದು ಮೊಲೆಗೆ ಬಿದ್ದರೆ ಬಿಳಿಯವ್ವ ನಿಂತೇ ಎರಡು ನಿಮಿಷ ಕುಡಿಸಿ, ಆಮೇಲೆ ಮರಳಿನ ರಾಶಿ ಹತ್ತಿ ಕೂತುಬಿಡುತ್ತಿದ್ದಳು. ಹತ್ತಿ ಬಂದ ಮರಿಯ ಮೂತಿಯನ್ನು ತನ್ನ ಬಾಯಲ್ಲಿ ಮೃದುವಾಗಿ ಹಿಡಿದು ನೆಲಕ್ಕೆ ಒತ್ತಿ ಬಿಡುತ್ತಿದ್ದಳು. ಮರಿ ಒಮ್ಮೆ ಕುಂಯ್ ಎಂದು ಸುಮ್ಮನಾಗುತ್ತಿತ್ತು. ಮಿಕ್ಸರ್ ಯಂತ್ರದ ಸದ್ದು, ಮೇಸ್ತ್ರಿಯ ಕೂಗು, ಕಾವಲುಗಾರನ ಕೂಸಿನ ಅಳು, ಹಾಲಿನವನ ಬೈಕು ಎಲ್ಲವನ್ನೂ ಆ ಮರಿಗಳು ತಾಯಿಯ ಪಕ್ಕದಲ್ಲಿ ನಿಂತು ಕೇಳಿ ಅಭ್ಯಾಸ ಮಾಡಿಕೊಂಡವು. ಯಾವ ಗೂಡಿನಲ್ಲೂ ಈ ವಿದ್ಯೆ ಸಿಗುವುದಿಲ್ಲ.

ನಾಲ್ಕೂ ಉಳಿಯಲಿಲ್ಲ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂದು ಜಲ್ಲಿ ತಂದ ಟೆಂಪೋ ಕೆಳಗೆ ಸಿಕ್ಕಿತು. ಇನ್ನೊಂದು ಲಸಿಕೆ ಹಾಕಿಸುವ ಮೊದಲೇ ಭೇದಿಯಾಗಿ ಸತ್ತಿತು. ನಾಟಿ ಮರಿಗೆ ಪಾರ್ವೋ ಬರುವುದಿಲ್ಲ ಎಂದು ಹೇಳುವವರು ಸುಳ್ಳು ಹೇಳುತ್ತಾರೆ. ಮೂರನೆಯದನ್ನು ಹಾಲಿನವನು ಕೊಟ್ಟಿಗೆಗೆ ಒಯ್ದ. ನಾಲ್ಕನೆಯದು, ಬಿಳಿ ಮೈ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿಯಿದ್ದ ಹೆಣ್ಣುಮರಿ, ಎಂಟು ವಾರ ದಾಟಿದ ಮೇಲೆ ನಮ್ಮ ಮನೆಗೆ ಬಂತು. ಮೊದಲೇ ಜಂತುಹುಳುವಿನ ಔಷಧಿ ಹಾಕಿಸಿದ್ದೆ. ಬಂದ ಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಲಸಿಕೆ, ಹದಿನಾರು ವಾರ ಆಗುವವರೆಗೆ. ತಾಯಿಹಾಲಿನಿಂದ ಬಂದ ರಕ್ಷಣೆ ಯಾವ ದಿನ ಇಳಿಯುತ್ತದೆಂದು ಹೇಳಲಾಗದ್ದರಿಂದ ಒಂದೇ ಇಂಜೆಕ್ಷನ್ ಸಾಲದು. ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ. ಬಿಳಿಯವ್ವನ ಹಾಲು ಬತ್ತಿದ ಮೇಲೆ ಪಾಲಿಕೆಯವರಿಗೆ ಹೇಳಿ ಸಂತಾನಹರಣ ಮಾಡಿಸಿದೆವು. ಕಿವಿಯ ತುದಿಯಲ್ಲಿ ಗುರುತಿನ ಕಚ್ಚು ಹೊತ್ತು ಅವಳು ಅದೇ ರಸ್ತೆಗೆ ಮರಳಿದಳು.

ರೇಬೀಸ್ ಎಂದ ಕೂಡಲೇ ಬರುವ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೀದಿಯಲ್ಲಿ ಮಕ್ಕಳನ್ನು ನಾಯಿಗಳು ಕಚ್ಚುತ್ತಿವೆ, ಅದು ನಿಜ, ಆ ತಾಯಿತಂದೆಯರ ಸಿಟ್ಟು ನ್ಯಾಯವಾದದ್ದು. ಆದರೆ ರೇಬೀಸ್ ಜಾತಿ ನೋಡಿ ಬರುವುದಿಲ್ಲ, ಲಸಿಕೆ ಇದೆಯೋ ಇಲ್ಲವೋ ಎಂಬುದೊಂದೇ ಅದಕ್ಕೆ ಲೆಕ್ಕ. 2023ರ ಸಮೀಕ್ಷೆಯಲ್ಲಿ ಬೆಂಗಳೂರು ಪಾಲಿಕೆಯ ವ್ಯಾಪ್ತಿಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಮನೆಗೆ ಬಂದು ಲಸಿಕೆ ಪಡೆದು ಸಂತಾನಹರಣವಾದ ಒಂದೊಂದು ಹೆಣ್ಣುಮರಿಯೂ ಆ ಲೆಕ್ಕವನ್ನು ಮುಂದಕ್ಕೆ ಬೆಳೆಯದಂತೆ ತಡೆಯುತ್ತದೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೂಡ ಬೀದಿನಾಯಿಯನ್ನು ದತ್ತು ಪಡೆಯಲು ಪಾಲಿಕೆಗೆ ಅರ್ಜಿ ಹಾಕಬಹುದು, ಪಡೆದವರು ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳಬೇಕು ಎಂದಿದೆ. ಹದಿನೆಂಟು ಸಾವಿರ ಕೊಟ್ಟು ತಂದ ಮರಿ ಬೀದಿಯ ಮರಿಗಳನ್ನು ಒಂದೂ ಕಡಿಮೆ ಮಾಡುವುದಿಲ್ಲ, ಗೂಡಿನೊಳಗಿನ ತಾಯಿಗೆ ಮತ್ತೊಂದು ಸೂಲು ಹೊರಿಸುತ್ತದೆ.

ದುಡ್ಡು ಕೊಟ್ಟರೆ ಜವಾಬ್ದಾರಿ ಬರುತ್ತದೆ, ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬ ವಾದವೂ ಇದೆ. ಹಾಗಾದರೆ ರಿಂಗ್ ರೋಡಿನಲ್ಲಿ ಬಿಟ್ಟುಹೋದ ಹಸ್ಕಿಗಳು, ಲ್ಯಾಬ್‌ಗಳು ಎಲ್ಲಿಂದ ಬಂದವು? ಅವನ್ನೂ ಯಾರೋ ದುಡ್ಡು ಕೊಟ್ಟೇ ತಂದಿದ್ದರು.

ಒಳ್ಳೆಯ ಬ್ರೀಡರ್‌ಗಳಿಲ್ಲವೇ ಎಂದರೆ, ಇದ್ದಾರೆ. ಬಹಳ ಕಡಿಮೆ. ಅವರನ್ನು ಗುರುತಿಸುವುದು ಸುಲಭ. ಅವರು ನಿಮ್ಮನ್ನು ತಮ್ಮ ಮನೆಗೇ ಕರೆಯುತ್ತಾರೆ, ತಾಯಿಯ ಪಕ್ಕ ಕೂರಿಸುತ್ತಾರೆ, ಅದರ ಸೊಂಟದ ಎಕ್ಸ್‌ರೇ ತೋರಿಸುತ್ತಾರೆ, ಎಂಟು ವಾರ ಕಾಯಿಸುತ್ತಾರೆ, ಹಗಲು ಮನೆಯಲ್ಲಿ ಯಾರಿರುತ್ತೀರಿ ಎಂದು ನಿಮ್ಮನ್ನೇ ಪ್ರಶ್ನೆ ಮಾಡುತ್ತಾರೆ, ಉತ್ತರ ಸರಿ ಕಾಣದಿದ್ದರೆ ಮರಿ ಕೊಡುವುದಿಲ್ಲ. ಕೆನಲ್ ಕ್ಲಬ್ಬಿನ ಕಾಗದ ತೋರಿಸಿದ ಮಾತ್ರಕ್ಕೆ ಯಾರೂ ಒಳ್ಳೆಯವರಾಗುವುದಿಲ್ಲ. ಆ ಕಾಗದ ವಂಶ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ದತ್ತು ಶಿಬಿರಗಳಿಗೂ ಇದೇ ಮಾತು. ತಿಂಗಳೂ ತುಂಬದ ಮರಿಯನ್ನು ತಾಯಿಯಿಂದ ಕಿತ್ತು ತಂದು ಫೋಟೋ ತೆಗೆಸಿ ಹಂಚಿದರೆ ಅದೂ ಅದೇ ತಪ್ಪು, ದುಡ್ಡಿಲ್ಲದೆ ಮಾಡಿದ್ದು ಅಷ್ಟೇ.

ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ಸಂಜೆ ಏಳಕ್ಕೆ ತೆಗೆಯುವ ಮನೆಗೆ ಯಾವ ನಾಯಿಯೂ ಬೇಡ. ಹುಟ್ಟುಹಬ್ಬದ ಉಡುಗೊರೆಯಾಗಿಯೂ ಬೇಡ.

ತಂಗಿಗೆ ಇಷ್ಟೆಲ್ಲ ಫೋನಿನಲ್ಲಿ ಹೇಳಲಾಗಲಿಲ್ಲ. ತಾಯಿ ತೋರಿಸಿದರೆ ಮಾತ್ರ ದುಡ್ಡು ಕೊಡು ಎಂದಷ್ಟೇ ಹೇಳಿದೆ. ಅವಳು ಕೇಳಿದಳಂತೆ. ತಾಯಿ ಊರಾಚೆ ಫಾರ್ಮಿನಲ್ಲಿದೆ, ಅಲ್ಲಿಗೆ ಹೊರಗಿನವರನ್ನು ಬಿಡುವುದಿಲ್ಲ, ವಿಡಿಯೋ ಕಳಿಸುತ್ತೇನೆ ಎಂದನಂತೆ. ಶನಿವಾರ ರಾತ್ರಿ ವಿಡಿಯೋ ಬಂತು. ಹುಲ್ಲಿನ ಮೇಲೆ ಹೊಳೆಯುವ ಮೈಯ ಲ್ಯಾಬ್ರಡಾರ್ ಒಂದು ಚೆಂಡಿನ ಹಿಂದೆ ಓಡುತ್ತದೆ, ತಿರುಗಿ ಬರುತ್ತದೆ, ಕುಳಿತು ಬಾಲ ಅಲ್ಲಾಡಿಸುತ್ತದೆ. ತಂಗಿಗೆ ಸಮಾಧಾನವಾಗಿತ್ತು, ಭಾನುವಾರ ಬೆಳಿಗ್ಗೆ ಹೊರಡುವುದೆಂದು ಗೊತ್ತು ಮಾಡಿದ್ದರು. ಈಗ ಹತ್ತು ವರ್ಷದವನಾದ ಹುಡುಗ ಅಪ್ಪನ ಫೋನ್ ಇಸಿದುಕೊಂಡು ವಿಡಿಯೋವನ್ನು ಎರಡು ಮೂರು ಸಲ ನೋಡಿ, ಕೂತ ಜಾಗದಿಂದಲೇ ನನಗೆ ಕರೆ ಮಾಡಿದ.

"ದೊಡ್ಡಮ್ಮ, ಇದು ಮರಿ ಹಾಕಿರೋ ನಾಯಿ ಅಲ್ಲ. ಹೊಟ್ಟೆ ನೋಡಿದೆ. ಮೊಲೆಯೇ ಇಳಿದಿಲ್ಲ."